ಸಮುದ್ರ ಹತ್ತಿರವೇ ಉಂಟಲ್ಲ ಅಂತ ರೀಫ್ ಟ್ಯಾಂಕ್ ಇಡಲು ಹೋಗಿ…

ಮೊದಲೇ ಹೇಳಿಬಿಡುತ್ತೇನೆ. ರೀಫ್ ಟ್ಯಾಂಕ್ ಅಂದರೆ ಸಮುದ್ರದ ಮೀನಿನ ಜೊತೆ ಹವಳದ ಜಾತಿಯ ಜೀವಿಗಳನ್ನೂ ಸಾಕುವ ಉಪ್ಪುನೀರಿನ ಟ್ಯಾಂಕ್. ನಿಮ್ಮ ಟ್ಯಾಂಕಿನಲ್ಲಿ ಸಿಗಡಿ, ಬಸವನಹುಳು, ಏಡಿ, ಪಾಲಿಪ್ (ಹವಳದ ಜಾತಿಯ, ಹೂವಿನ ಹಾಗೆ ಅರಳುವ ಸಣ್ಣ ಜೀವಿ) ಯಾವುದಾದರೂ ಇದ್ದರೆ ಅಂಗಡಿಯವರು ಕೊಡುವ ನೀಲಿ ಮದ್ದನ್ನು ಅದಕ್ಕೆ ಹಾಕಬೇಡಿ. ಪುರುಸೊತ್ತು ಇಲ್ಲದವರು ಇಷ್ಟು ಓದಿ ಹೋದರೂ ಸಾಕು. ಪುರುಸೊತ್ತು ಇದ್ದರೆ ಕೂತ್ಕೊಳ್ಳಿ. ಆ ಬಾಟಲಿ ನಮ್ಮ ಮನೆಗೆ ಬರುವವರೆಗೆ ನಾನು ಮಾಡಿದ ಮಂಗಾಟ ಒಂದೆರಡಲ್ಲ.

ನಮ್ಮ ಮನೆ ಸುರತ್ಕಲ್‌ನಲ್ಲಿ. ಸಮುದ್ರಕ್ಕೆ ನಡೆದರೆ ಹತ್ತು ನಿಮಿಷ. ರಾತ್ರಿ ಹೆದ್ದಾರಿಯ ಗಲಾಟೆ ಕಡಿಮೆಯಾದ ಮೇಲೆ ತೆರೆಯ ಸದ್ದು ಚಾವಡಿಯವರೆಗೂ ಕೇಳುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಭಾವ ನಾಲ್ಕು ವರ್ಷದಿಂದ ರೀಫ್ ಟ್ಯಾಂಕ್ ಇಟ್ಟಿದ್ದಾರೆ. ಬಕೆಟ್‌ಗಟ್ಟಲೆ ಉಪ್ಪಿನ ಪುಡಿ ತರಿಸುತ್ತಾರೆ. ಅದನ್ನು ಆರ್‌ಒ ನೀರಿಗೆ ಲೀಟರಿಗೆ 35ರಿಂದ 38 ಗ್ರಾಂನಂತೆ ತೂಗಿ ಕಲಸುತ್ತಾರೆ. ಒಂದು ದಿನ ತಿರುಗಲು ಬಿಟ್ಟು ಆಮೇಲೆ ಟ್ಯಾಂಕಿಗೆ ಹಾಕುತ್ತಾರೆ. ನೋಡಿ ನನಗೆ ನಗು ಬರುತ್ತಿತ್ತು. ಕಡಲ ಬದಿಯಲ್ಲಿ ಕೂತು ಉಪ್ಪುನೀರಿಗೆ ದುಡ್ಡು ಕೊಡುವ ಕರ್ಮ ನನಗೆ ಎಂತಕ್ಕೆ? ಕ್ಯಾನ್ ಹಿಡ್ಕೊಂಡು ಹೋದರಾಯ್ತು.

ಫೆಬ್ರವರಿಯಲ್ಲಿ ಶುರು ಮಾಡಿದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಟ್ಯಾಂಕ್, ಹೆಚ್ಚೂಕಮ್ಮಿ 70 ಲೀಟರ್. ಆಗ ಸಮುದ್ರ ತಿಳಿಯಾಗಿತ್ತು. ಕುಡಿಯುವ ನೀರಿನ 20 ಲೀಟರಿನ ಕ್ಯಾನ್ ನಾಲ್ಕು ತುಂಬಿಸಿ ತಂದು, ಬಟ್ಟೆಯಲ್ಲಿ ಸೋಸಿ ಸುರಿದೆ. ಅಂಗಡಿಯವರು "ಎರಡು ದಿನ ಬಿಟ್ಟು ಬನ್ನಿ ಸರ್, ಮೀನು ಕೊಡ್ತೇನೆ" ಎಂದರು. ಹೋದೆ. ಒಂದು ಜೋಡಿ ಕ್ಲೌನ್ ಫಿಶ್ ತಂದೆ. ಆರನೇ ದಿನಕ್ಕೆ ಎರಡೂ ಹೋದವು.

ಇದು ಎಲ್ಲರೂ ಮಾಡುವ ತಪ್ಪು, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಮೀನಿನ ಕೊಳೆಯಿಂದ ನೀರಿನಲ್ಲಿ ಅಮೋನಿಯಾ ಏರುತ್ತದೆ, ಅದು ವಿಷ. ಅದನ್ನು ತಿಂದು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲು, ಮರಳಿನ ಮೇಲೆ ನೆಲೆಯೂರಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಎರಡು ದಿನದಲ್ಲಿ ಆಗುವ ಕೆಲಸ ಅಲ್ಲ. ಆ ಹೊತ್ತು ಮೀನು ಹಾಕಿ ಅದನ್ನು ಹಿಂಸೆ ಮಾಡುವ ಅಗತ್ಯವೂ ಇಲ್ಲ. ಭಾವ ಹೇಳಿದ ಹಾಗೆ, ಸಾರಿಗೆ ಅಂತ ತಂದ ಸಿಗಡಿಯಲ್ಲಿ ಒಂದನ್ನು ತೆಗೆದು ಟ್ಯಾಂಕಿಗೆ ಹಾಕಿದೆ. ಅದು ಕೊಳೆತು ಬೇಕಾದಷ್ಟು ಅಮೋನಿಯಾ ಕೊಟ್ಟಿತು. ಮನೆಯಾಕೆ ಮೂಗು ಮುಚ್ಚಿಕೊಂಡು ಒಂದು ವಾರ ಚಾವಡಿಯಲ್ಲಿ ಕೂರಲಿಲ್ಲ, ಅದು ಬೇರೆ ವಿಷಯ. ಏಪ್ರಿಲ್ ಹೊತ್ತಿಗೆ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಮತ್ತೊಂದು ಜೋಡಿ ಕ್ಲೌನ್ ಬಂತು. ನಿಧಾನಕ್ಕೆ ಒಂದು ಕ್ಲೀನರ್ ಸಿಗಡಿ, ಐದು ಬಸವನಹುಳು, ಮೂರು ಹರ್ಮಿಟ್ ಏಡಿ, ಒಂದು ಸಣ್ಣ ಕಲ್ಲಿನ ಮೇಲೆ ಬಟನ್ ಪಾಲಿಪ್ ಬಂದವು. ಲೈಟ್ ಹಾಕಿದ ಕೂಡಲೇ ಆ ಪಾಲಿಪ್‌ಗಳು ಒಂದೊಂದೇ ಅರಳುವುದನ್ನು ನೋಡಲು ನಾನು ಬೆಳಗ್ಗಿನ ಚಹಾವನ್ನೂ ಅಲ್ಲೇ ಕುಡಿಯುತ್ತಿದ್ದೆ.

ಕಲ್ಲಿನ ವಿಷಯದಲ್ಲಿ ಮಾತ್ರ ಬಚಾವಾದೆ. ಒಬ್ಬ ಫೋನಿನಲ್ಲಿ ಪರಿಚಯ ಆದವನು "ತಮಿಳುನಾಡು ಕಡೆಯಿಂದ ಒರಿಜಿನಲ್ ಲೈವ್ ರಾಕ್ ಉಂಟು, ಗಟ್ಟಿ ಹವಳವೂ ಉಂಟು, ಪಾರ್ಸೆಲ್ ಹಾಕ್ತೇನೆ" ಎಂದಿದ್ದ. ಲೈವ್ ರಾಕ್ ಅಂದರೆ ಜೀವಿಗಳು ಹಿಡಿದಿರುವ ಸಮುದ್ರದ ಕಲ್ಲು. ರೇಟೂ ಕಡಿಮೆ. ಭಾವನಿಗೆ ಹೇಳಿದರೆ ಫೋನಲ್ಲೇ ಬೈದರು. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಸೀ ಫ್ಯಾನ್ ಎಂಬ ಬೀಸಣಿಗೆಯಂಥ ಹವಳ, ಕಡಲಕುದುರೆ ಎಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಹುಲಿ, ಆನೆ ಇರುವ ಅದೇ ಪಟ್ಟಿ. ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. "ಸತ್ತ ಹವಳದ ತುಂಡು ಅಲ್ವಾ" ಎಂದರೂ ನಡೆಯುವುದಿಲ್ಲ. ನಾನು ಸೆರಾಮಿಕ್ ಕಲ್ಲು ಹಾಕಿದೆ. ನೋಡಲು ಮೊದಲು ಬೋಳು ಬೋಳು ಅನಿಸಿದರೂ ಮೂರು ತಿಂಗಳಲ್ಲಿ ಪಾಚಿ ಹಿಡಿದು ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೇ ತಿಂಗಳ ಸೆಕೆ ಬೇರೆ ಪಾಠ. ನೀರು 25, 26 ಡಿಗ್ರಿಯಲ್ಲಿರಬೇಕು, ನನ್ನದು 31 ಮುಟ್ಟಿತು. ನೀರಿನ ಮೇಲೆ ಫ್ಯಾನ್ ಬಿಟ್ಟರೆ ತಣಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಒಣ ಹವೆಯ ಊರಿಗೆ ಅದು ಸರಿ. ನೀರು ಆವಿಯಾದರೆ ತಾನೇ ತಣಿಯುವುದು? ಒಗೆದ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಫ್ಯಾನಿನಿಂದ ನನಗೆ ಸಿಕ್ಕಿದ್ದು ಒಂದೂವರೆ ಡಿಗ್ರಿ. ಸಾಲದ್ದಕ್ಕೆ, ಆರಿದಷ್ಟು ನೀರಿನ ಜಾಗಕ್ಕೆ ನಾನು ಮತ್ತೆ ಸಮುದ್ರದ ನೀರನ್ನೇ ಸುರಿಯುತ್ತಿದ್ದೆ. ಆರಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಆ ಜಾಗಕ್ಕೆ ಸಿಹಿನೀರು ಹಾಕಬೇಕು. ಇದು ಗಂಜಿ ಬೇಯಿಸಿದವರಿಗೆಲ್ಲ ಗೊತ್ತಿರುವ ವಿಷಯ, ನನ್ನ ತಲೆಗೆ ಹೋಗಲಿಲ್ಲ. ನೀರಿನ ಉಪ್ಪು ಅಳೆಯಲು ನನ್ನಲ್ಲಿದ್ದ ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಕೂಡ ಸುಳ್ಳು ಹೇಳುತ್ತಿತ್ತು. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಕೊನೆಗೆ ಉಪ್ಪನ್ನು ಬೆಳಕಿನ ಬಾಗುವಿಕೆಯಿಂದ ಅಳೆಯುವ ರಿಫ್ರಾಕ್ಟೋಮೀಟರ್ ತರಿಸಿದೆ. ಅದೊಂದು ಮೊದಲ ದಿನವೇ ತರಬೇಕಿತ್ತು.

ಜೂನ್ ಬಂತು. ಮಳೆ ಹಿಡಿಯಿತು. ಟ್ಯಾಂಕಿನ ನೀರು ಬದಲಿಸುವ ಸಮಯ. ಸುರತ್ಕಲ್‌ನಲ್ಲಿ ಆಗ ತೆರೆಯ ಹತ್ತಿರ ನಿಲ್ಲಲೂ ಆಗುವುದಿಲ್ಲ, ಕ್ಯಾನ್ ತುಂಬಿಸುವುದು ಎಲ್ಲಿ? ಬೆಂಗ್ರೆ ಕಡೆ ಅಳಿವೆಯ ಒಳಗೆ ನೀರು ಸಮಾಧಾನ ಇರುತ್ತದೆ ಅಂತ ಸ್ಕೂಟರಿನಲ್ಲಿ ಎರಡು ಸಲ ಹೋಗಿ ಎರಡು ಕ್ಯಾನ್ ತಂದೆ. ಸ್ವಲ್ಪ ಚಹಾ ಬಣ್ಣ ಇತ್ತು. ಒಂದು ರಾತ್ರಿ ಇಟ್ಟರೆ ಮಣ್ಣು ಅಡಿಗೆ ಕೂರುತ್ತದೆ ಅಂದುಕೊಂಡೆ. ಕೂತಿತು. ಮೇಲಿನ ತಿಳಿ ನೀರನ್ನು ತೆಗೆದು, ಅರ್ಧ ಟ್ಯಾಂಕ್ ಬದಲಿಸಿಬಿಟ್ಟೆ. ಅಳೆಯಲಿಲ್ಲ. ರಿಫ್ರಾಕ್ಟೋಮೀಟರ್ ಅಲ್ಲೇ ಕಪಾಟಿನಲ್ಲಿತ್ತು. ಸಮುದ್ರದ ನೀರು ಅಲ್ವಾ, ಅಳೆಯುವುದು ಎಂತದು?

ನಮ್ಮ ಪಕ್ಕದ ಮನೆಯವರು ಬೋಟಿನಲ್ಲಿ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಮನೆಯಲ್ಲೇ ಇದ್ದರು. ಸಂಜೆ ಸುಮ್ನೆ ಮೀನು ನೋಡಲು ಬಂದವರು ಕ್ಯಾನಿನಲ್ಲಿ ಉಳಿದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟರು.

"ಇದು ಎಂತ ಕಡಲ ನೀರು ಮಾರಾಯ್ರೆ? ಹೊಳೆ ನೀರಿಗೆ ಉಪ್ಪು ಹಾಕಿದ ಹಾಗುಂಟು."

ಆಗ ಅಳೆದೆ. ಸಿಹಿನೀರಿನ ಸಾಂದ್ರತೆ 1 ಅಂದುಕೊಂಡರೆ ರೀಫ್ ಟ್ಯಾಂಕಿನ ನೀರಿನದ್ದು 1.025 ಇರಬೇಕು, ಉಪ್ಪು ಕಡಿಮೆಯಾದಷ್ಟೂ ಈ ಅಂಕೆ ಇಳಿಯುತ್ತದೆ. ಕ್ಯಾನಿನ ನೀರು 1.014. ನೇತ್ರಾವತಿ, ಫಲ್ಗುಣಿ ಎರಡೂ ಕೆಂಪು ನೀರು ತುಂಬಿಕೊಂಡು ಬಂದು ಸಮುದ್ರ ಸೇರುವ ಬಾಯಿಯಲ್ಲಿ ನಿಂತು ನಾನು ಉಪ್ಪುನೀರು ಹಿಡಿದಿದ್ದೆ. ಟ್ಯಾಂಕ್ 1.020ರ ಕೆಳಗೆ ಇಳಿದಿತ್ತು. ಅದೂ ಒಂದೇ ಗಂಟೆಯಲ್ಲಿ. ಮೀನುಗಳು ಹೇಗೋ ತಡೆದುಕೊಂಡವು. ಪಾಲಿಪ್‌ಗಳು ಮುಚ್ಚಿದ ಬಾಯಿ ನಾಲ್ಕು ದಿನ ತೆರೆಯಲಿಲ್ಲ. ಬಸವನಹುಳುಗಳು ಗಾಜಿನಿಂದ ಬಿದ್ದು ಮರಳಿನ ಮೇಲೆ ಅಂಗಾತ ಮಲಗಿದ್ದವು. ಒಂದೊಂದನ್ನೇ ತಿರುಗಿಸಿ ಇಡುವುದೇ ನನ್ನ ಕೆಲಸವಾಯಿತು. ಉಪ್ಪಿನ ಪುಡಿ ತರಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪದಂತೆ ಏರಿಸಿ ಸರಿ ಮಾಡಲು ಒಂದು ವಾರ ಬೇಕಾಯಿತು. ನಡುವೆ ಒಂದು ರಾತ್ರಿ ಗಾಳಿಗೆ ಮರ ಬಿದ್ದು ಏಳು ಗಂಟೆ ಕರೆಂಟ್ ಇಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಇದ್ದದ್ದಕ್ಕೆ ಬದುಕಿದವು. ಅದಕ್ಕೆ ಹೆಚ್ಚು ದುಡ್ಡೇನೂ ಇಲ್ಲ, ಟ್ಯಾಂಕ್ ತರುವ ದಿನವೇ ತನ್ನಿ.

ಎಲ್ಲ ಸರಿಯಾಯಿತು ಅನ್ನುವಾಗ, ಜುಲೈ ಮೊದಲ ವಾರ, ದೊಡ್ಡ ಕ್ಲೌನಿನ ಮೈಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಎರಡು ದಿನದಲ್ಲಿ ಸಣ್ಣದಕ್ಕೂ ಬಂತು. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಇದು ಕ್ರಿಪ್ಟೊಕೇರಿಯಾನ್ ಎಂಬ ಪರೋಪಜೀವಿ. ಸೋಸಿದರೆ ಹೋಗುವಂಥದ್ದಲ್ಲ. ಹಸಿ ಸಮುದ್ರದ ನೀರಿನ ಜೊತೆಗೇ ಬಂದಿರಬಹುದು, ಉಪ್ಪು ಏರುಪೇರಾಗಿ ಸುಸ್ತಾದ ಮೀನಿಗೆ ಹಿಡಿದಿರಬಹುದು. ಫೋಟೋ ಹಿಡ್ಕೊಂಡು ಅಂಗಡಿಗೆ ಓಡಿದೆ. ಅವರು ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ. ಒಂದು ಸಣ್ಣ ಬಾಟಲಿ ಕೊಟ್ಟರು. ಲೇಬಲ್ ಇಲ್ಲ, ಒಳಗೆ ಚಂದದ ನೀಲಿ ನೀರು. "ಹತ್ತು ಲೀಟರಿಗೆ ಎರಡು ಹನಿ. ಮೂರು ದಿನದಲ್ಲಿ ಕ್ಲಿಯರ್." ಸಿಗಡಿ ಉಂಟು, ತೊಂದರೆ ಇಲ್ವಾ ಎಂದು ಕೇಳಿದೆ, ಇದು ನನಗೆ ಚೆನ್ನಾಗಿ ನೆನಪಿದೆ. "ಏನೂ ಆಗುದಿಲ್ಲ ಸರ್, ಎಲ್ಲರೂ ತಗೊಂಡು ಹೋಗ್ತಾರೆ" ಎಂದರು.

ರಾತ್ರಿ ಒಂಬತ್ತಕ್ಕೆ 14 ಹನಿ ಹಾಕಿದೆ. ಬೆಳಗ್ಗೆ ಚಹಾ ಹಿಡ್ಕೊಂಡು ಬಂದು ನೋಡುತ್ತೇನೆ, ಸಿಗಡಿ ಕಲ್ಲಿನ ಸಂದಿಯಲ್ಲಿ ಮಗುಚಿ ಬಿದ್ದಿದೆ. ಅದರ ಉದ್ದನೆಯ ಬಿಳಿ ಮೀಸೆ ಮಾತ್ರ ನೀರಿನ ಓಟಕ್ಕೆ ಅಲ್ಲಾಡುತ್ತಿತ್ತು, ಅದನ್ನು ನೋಡಿ ಒಂದು ಕ್ಷಣ ಜೀವ ಇದೆ ಅಂದುಕೊಂಡೆ. ಬಸವನಹುಳು ಐದೂ ಕೆಳಗೆ. ಏಡಿಗಳು ಚಿಪ್ಪಿನಿಂದ ಅರ್ಧ ಹೊರಗೆ ಬಂದು ಸತ್ತಿದ್ದವು. ಪಾಲಿಪ್‌ಗಳ ಮೇಲೆ ಲೋಳೆ. ಕ್ಲೌನ್‌ಗಳು ಎರಡೂ ಏನೂ ಆಗದ ಹಾಗೆ ಊಟಕ್ಕೆ ಮೇಲೆ ಬಂದವು.

ಅದೇ ದಿನ ಮಧ್ಯಾಹ್ನ ಪುತ್ತೂರಿನಿಂದ ಮಾವ ಮೊಮ್ಮಗಳನ್ನು ನೋಡಲು ಬಂದರು. ಅಡಿಕೆ ತೋಟದವರು. ಮಳೆ ಬಿಟ್ಟ ಎರಡು ದಿನದಲ್ಲಿ ಮದ್ದು ಬಿಡಿಸಿ ಬಂದಿದ್ದರು, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಟ್ಯಾಂಕಿನ ಹತ್ತಿರ ಇಟ್ಟಿದ್ದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇದೆಂತಕ್ಕೆ ಇಲ್ಲಿ? ಮೈಲುತುತ್ತು ಅಲ್ವಾ ಇದು?"

"ಮೀನಿನ ಮದ್ದು ಮಾವ" ಎಂದೆ.

"ಮೀನಿಗೋ! ನಾವು ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಬಿಡುದು ಇದನ್ನೇ. ಬಸವನಹುಳು ಜಾಸ್ತಿಯಾದರೂ ಇದನ್ನೇ ಹಾಕುದು. ನೀವು ಆ ಹುಳುಗಳನ್ನು ಸಾಕುದು ಹೇಳಿದ್ರಲ್ಲ?"

ಎಂತ ಹೇಳುವುದು? ಮೈಲುತುತ್ತು ಅಂದರೆ ತಾಮ್ರದ ಲವಣ. ಮಾರುಕಟ್ಟೆಯಿಂದ ಕಾಪರ್ ಟೆಸ್ಟ್ ಕಿಟ್ ತರಿಸಿ ನೋಡಿದಾಗ ಮಾವನ ಕಣ್ಣಿನ ಲೆಕ್ಕವೇ ಸರಿ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರ ನಿಜವಾದ ಮದ್ದೇ, ಅದರಲ್ಲಿ ಸುಳ್ಳಿಲ್ಲ. ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸಿನಲ್ಲಿ ಇಟ್ಟರೆ ಆ ಪರೋಪಜೀವಿ ಸಾಯುತ್ತದೆ, ಮೀನು ಉಳಿಯುತ್ತದೆ. ಆದರೆ ಬೆನ್ನುಮೂಳೆ ಇಲ್ಲದ ಜೀವಿಗಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅಡಿಕೆಯ ಕೊಳೆರೋಗಕ್ಕೆ ಅದು ಕೆಲಸ ಮಾಡುವುದೂ ಹೀಗೇ, ಮರಕ್ಕೆ ಏನೂ ಆಗುವುದಿಲ್ಲ, ರೋಗ ಸಾಯುತ್ತದೆ. ನನ್ನ ಟ್ಯಾಂಕಿನಲ್ಲಿ ರೋಗದ ಸಾಲಿಗೆ ಸಿಗಡಿಯೂ ಸೇರಿತು, ಅಷ್ಟೇ.

ಮಾಡಬೇಕಾದದ್ದು ಇಷ್ಟೇ ಇತ್ತು. ಮೀನನ್ನು ಹಿಡಿದು ಬೇರೆ ಟಬ್ಬಿಗೆ ಹಾಕುವುದು, ಕಲ್ಲು, ಮರಳು ಯಾವುದೂ ಇಲ್ಲದ ಬೋಳು ಟಬ್. ಮದ್ದು ಅಲ್ಲಿ, ದಿನಾ ಟೆಸ್ಟ್ ಮಾಡಿಕೊಂಡು. ಮೂಲ ಟ್ಯಾಂಕನ್ನು ಮೀನಿಲ್ಲದೆ ಸುಮಾರು ಎರಡೂವರೆ ತಿಂಗಳು ಬಿಟ್ಟರೆ ಹಿಡಿದುಕೊಳ್ಳಲು ಮೀನು ಸಿಗದೆ ಚುಕ್ಕೆ ರೋಗದ ಜೀವಿ ತಾನೇ ಸಾಯುತ್ತದೆ. ಸಿಗಡಿ, ಹುಳು, ಪಾಲಿಪ್ ಅಲ್ಲೇ ಸುಖವಾಗಿ ಇರುತ್ತವೆ. ಹೊಸ ಮೀನು ತಂದಾಗಲೂ ಮೊದಲು ಆ ಟಬ್ಬಿನಲ್ಲೇ ಒಂದು ತಿಂಗಳು ಇಡಬೇಕು. ಕಲ್ಲು, ಮರಳಿಗೆ ಒಮ್ಮೆ ತಾಮ್ರ ಹಿಡಿದರೆ ಅದು ಮತ್ತೆ ನಿಧಾನಕ್ಕೆ ನೀರಿಗೆ ಬಿಡುತ್ತಲೇ ಇರುತ್ತದೆ. ನಾನು ನಾಲ್ಕು ಸಲ ನೀರು ಬದಲಿಸಿದೆ, ಕಾರ್ಬನ್ ಹಾಕಿದೆ. ಆಗಸ್ಟಿನಲ್ಲಿ ಪರೀಕ್ಷೆಗೆಂದು ಬಿಟ್ಟ ಒಂದು ಬಸವನಹುಳು ಮೂರನೇ ದಿನ ಬಿತ್ತು.

ಇನ್ನೊಂದು ಮಾತು. ಈಗ ಕುಡಿಯುವ ನೀರಿಗೆ ತಾಮ್ರ ಬೆರೆಸಿ ಕೊಡುವ ಫಿಲ್ಟರ್‌ಗಳು ಬಂದಿವೆ, ಆರೋಗ್ಯಕ್ಕೆ ಒಳ್ಳೆಯದು ಅಂತ. ಅಡುಗೆಮನೆಯ ಆರ್‌ಒ ಅಂಥದ್ದಾದರೆ ಆ ನೀರು ರೀಫ್ ಟ್ಯಾಂಕಿಗೆ ಬೇಡ. ತಾಮ್ರದ ಹಂಡೆಯಲ್ಲಿಟ್ಟ ನೀರೂ ಬೇಡ. ಸತ್ತ ಪಾಲಿಪ್ ಇರುವ ಕಲ್ಲನ್ನು ತೊಳೆಯಲು ಕುದಿಯುವ ನೀರು ಸುರಿಯಲೇಬೇಡಿ, ಬರಿಗೈಯಲ್ಲಿ ತಿಕ್ಕಲೂ ಬೇಡಿ. ಬಟನ್ ಪಾಲಿಪ್‌ಗಳಲ್ಲಿ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಬಿಸಿ ನೀರಿನ ಹಬೆಯ ಜೊತೆ ಅದು ಮೂಗಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ನಾನು ಒಲೆಯ ಮೇಲೆ ನೀರು ಇಟ್ಟೂ ಆಗಿತ್ತು. ಭಾವ ಸರಿಯಾದ ಹೊತ್ತಿಗೆ ಫೋನ್ ಮಾಡಿದರು.

ಕ್ಲೌನ್‌ಗಳು ಈಗಲೂ ಇವೆ. ಟ್ಯಾಂಕಿನಲ್ಲಿ ಕಲ್ಲಿಲ್ಲ, ಮರಳಿಲ್ಲ, ಅಡಗಲು ಪಿವಿಸಿ ಪೈಪಿನ ಎರಡು ತುಂಡು ಮಾತ್ರ. ನೀರು ಭಾವನ ಲೆಕ್ಕದ ಉಪ್ಪಿನದ್ದು, ತೂಗಿಯೇ ಕಲಸುತ್ತೇನೆ. ತೆಗೆದ ಮರಳು ಒಂದು ಗೋಣಿಯಷ್ಟು ಶೆಡ್ಡಿನಲ್ಲಿ ಉಂಟು. ಹೊಸದಾಗಿ ಟ್ಯಾಂಕ್ ಇಡುವ ಹುಡುಗನೊಬ್ಬ ಮೊನ್ನೆ ಬಂದು "ಅಂಕಲ್, ಆ ಮರಳು ಸುಮ್ನೆ ಇದ್ದರೆ ಕೊಡ್ತೀರಾ" ಎಂದು ಕೇಳಿದ. ಕೊಡಲಿಲ್ಲ. ರಿಫ್ರಾಕ್ಟೋಮೀಟರ್ ಕೊಟ್ಟು ಕಳಿಸಿದೆ, ವಾರ ಬಿಟ್ಟು ತಂದುಕೊಡುತ್ತೇನೆ ಎಂದಿದ್ದಾನೆ.