ಮಾಳಿಗೆ ಮನೆಗೆ ಎಳೆದ ತಾಮ್ರದ ಲ್ಯಾನ್ ವೈರ್: ಎರಡೂವರೆ ವರ್ಷದ ಬಳಕೆಯ ನಂತರ

ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ನಮ್ಮದು ಹಳೆಯ ಮಾಳಿಗೆ ಮನೆ. ಗೋಡೆಗಳು ಎರಡು ಅಡಿ ದಪ್ಪ, ಕಲ್ಲು ಮಣ್ಣಿನವು. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ಎಷ್ಟು ತಂಪು ಎಂದು ನೆಂಟರು ಹೊಗಳುವ ಈ ಗೋಡೆಗಳನ್ನು ವೈ-ಫೈ ದಾಟುವುದಿಲ್ಲ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಬೀದಿ ಬದಿಯ ಪಡಸಾಲೆಯಲ್ಲಿವೆ. ಟಿವಿ ಹಿತ್ತಿಲ ಕಡೆಯ ಕೋಣೆಯಲ್ಲಿದೆ, ಮಂಡಿನೋವಿನ ನಮ್ಮತ್ತೆ ಮಲಗುವುದು ಅಲ್ಲಿಯೇ. ನಡುವೆ ಮೂರು ಗೋಡೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರನ್ನು ಕಾಣದೆ ಅತ್ತೆ ಒಂದು ವರ್ಷವನ್ನೂ ಕಳೆದವರಲ್ಲ. ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೆ, ಫಾಲ್ಗುಣದ ಆ ಮಧ್ಯಾಹ್ನ ಟಿವಿಯಲ್ಲಿ ನೇರ ಪ್ರಸಾರ ನೋಡುವುದು ರೂಢಿಯಾಯಿತು. ಒಂದು ವರ್ಷ ಮುಕ್ತಿ ಬಾವುಟದ ಹರಾಜು ಮುಗಿದು, ಇನ್ನೇನು ತೇರು ಕದಲಬೇಕು ಎನ್ನುವಾಗ ಚಿತ್ರ ನಿಂತು ಪರದೆಯ ನಡುವೆ ಚಕ್ರ ತಿರುಗತೊಡಗಿತು. "ಹೊರಟಿತೇನಮ್ಮ, ತೇರು ಹೊರಟಿತೇ?" ಎಂದು ಅವರು ಕೈ ಜೋಡಿಸಿಕೊಂಡೇ ಕೇಳಿದರು. ಚಿತ್ರ ಮರಳುವಷ್ಟರಲ್ಲಿ ತೇರು ಬಹಳ ದೂರ ಸಾಗಿಬಿಟ್ಟಿತ್ತು. ಆ ದಿನದ ಸಂಕಟದಿಂದಲೇ ರೌಟರಿನಿಂದ ಟಿವಿಯವರೆಗೆ ಇಂಟರ್ನೆಟ್ ಸಾಗಿಸುವ ಲ್ಯಾನ್ ತಂತಿ ಎಳೆಸುವ ನಿರ್ಧಾರ ಮಾಡಿದೆ.

ಈಗಿರುವುದು ಎರಡನೆಯ ತಂತಿ. ಮೊದಲನೆಯದರ ಕಥೆಯನ್ನು ಹೇಳದಿದ್ದರೆ ಎರಡನೆಯದರ ಬೆಲೆ ತಿಳಿಯುವುದಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಮೀಟರಿಗೆ ಹನ್ನೆರಡು ರೂಪಾಯಿಯಂತೆ ಇಪ್ಪತ್ತನಾಲ್ಕು ಮೀಟರ್ ತಂದಿದ್ದೆವು. ಹೊದಿಕೆಯ ಮೇಲೆ ಕ್ಯಾಟ್ 6 ಎಂದೇ ಅಚ್ಚಾಗಿತ್ತು, ಅದು ಲ್ಯಾನ್ ತಂತಿಯ ಒಂದು ದರ್ಜೆ. ಸುರುಳಿಯನ್ನು ಕೈಯಲ್ಲಿ ಹಿಡಿದಾಗ ಹಗುರ ಎನ್ನಿಸಿತು, ಆದರೆ ಹಗುರವಾಗಿರುವುದು ದೋಷದ ಗುರುತು ಎಂದು ನನಗೆ ಆಗ ಗೊತ್ತಿರಲಿಲ್ಲ. ಎರಡು ಅಡಿ ಗೋಡೆ ಕೊರೆಯುವುದು ಬೇಡವೆಂದು ಪಡಸಾಲೆಯ ಗವಾಕ್ಷಿಯಿಂದ ಮಾಳಿಗೆಗೆ ಹತ್ತಿಸಿ, ಮೇಲಿನಿಂದಲೇ ಸಾಗಿಸಿ, ಹಿಂದಿನ ಕೋಣೆಯ ಗವಾಕ್ಷಿಯಿಂದ ಇಳಿಸಿದೆವು. ಅಲ್ಲಿ ಒಂದು ತಂತಿಯ ಸಂಪರ್ಕವನ್ನು ಹಲವು ಉಪಕರಣಗಳಿಗೆ ಹಂಚುವ, ಐದು ಕಿಂಡಿಯ ಚಿಕ್ಕ ಗಿಗಾಬಿಟ್ ಸ್ವಿಚ್ ಇಟ್ಟು ಟಿವಿಗೂ ಮಗನ ಲ್ಯಾಪ್‌ಟಾಪಿಗೂ ಕೊಟ್ಟೆವು. ನ್ಯಾಯವಾಗಿ ಹೇಳಬೇಕೆಂದರೆ, ಮೊದಲ ತಿಂಗಳುಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಅಗ್ಗದ ತಂತಿಯನ್ನು ಹೊಗಳಿ ಬರೆಯುವವರಲ್ಲಿ ಹೆಚ್ಚಿನವರು ಈ ಮೊದಲ ತಿಂಗಳುಗಳಲ್ಲಿಯೇ ಬರೆಯುತ್ತಾರೆ ಎಂಬುದು ನನ್ನ ಅನುಮಾನ.

ಮರುವರ್ಷದ ಮೇ ತಿಂಗಳಲ್ಲಿ ಮಗ ಒಂದು ವಿಚಿತ್ರ ಗಮನಿಸಿದ. ನಮ್ಮದು 150 ಎಂಬಿಪಿಎಸ್ ಯೋಜನೆ. ಲ್ಯಾಪ್‌ಟಾಪಿನಲ್ಲಿ 94ಕ್ಕಿಂತ ಮೇಲೆ ಬರುತ್ತಿರಲಿಲ್ಲ. ಲ್ಯಾನ್ ತಂತಿಯೊಳಗೆ ಎಂಟು ಎಳೆಗಳಿರುತ್ತವೆ, ಎರಡೆರಡನ್ನು ಹೆಣೆದು ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಬೇಕು. ಉಳಿದೆರಡು ಜೋಡಿಗಳಲ್ಲಿ ಒಂದು ಎಳೆ ಕಡಿದರೂ ಹೆಚ್ಚಿನ ಉಪಕರಣಗಳು ಏನೂ ಹೇಳದೆ 100ಕ್ಕೆ ಇಳಿದುಬಿಡುತ್ತವೆ. ಟಿವಿ ನಡೆಯುತ್ತಿರುತ್ತದೆ, ತಂತಿ ಸಾಯುತ್ತಿರುವುದು ಮನೆಯವರಿಗೆ ತಿಳಿಯುವುದಿಲ್ಲ. ನಮ್ಮಲ್ಲಿಯೂ ಹಾಗೆಯೇ ಆಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಮಧ್ಯಾಹ್ನದ ಬಿಸಿಲೇರಿದ ಹೊತ್ತಿಗೆ ಟಿವಿಯ ಸಂಪರ್ಕವೂ ಕಡಿದು ಕಡಿದು ಬರತೊಡಗಿತು.

ಮಾಳಿಗೆ ಹತ್ತಿ ನೋಡಿದರೆ ಹೊದಿಕೆ ಬಿರುಕು ಬಿಟ್ಟಿತ್ತು. ಕೋಟೆಯ ಕಡೆಯಿಂದ ಬರುವ ಕೋತಿಗಳು ಎರಡು ಕಡೆ ಜಗ್ಗಿದ್ದವು. ತಂತಿಯ ತುದಿಯ ಜಾಕ್ ಕತ್ತರಿಸಿ ಎಳೆಗಳನ್ನು ಬಿಡಿಸಿದಾಗ ಒಂದು ಎಳೆ ಮೂರನೆಯ ಸಲ ಬಗ್ಗಿಸುವಾಗಲೇ ಪಟಕ್ಕನೆ ಮುರಿಯಿತು. ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅದು ತಾಮ್ರವೇ ಅಲ್ಲ, ಮೇಲೆ ತಾಮ್ರದ ತೆಳು ಲೇಪನವಿರುವ ಅಲ್ಯೂಮಿನಿಯಂ. ವ್ಯಾಪಾರದಲ್ಲಿ ಇದನ್ನು ಸಿಸಿಎ ಎನ್ನುತ್ತಾರೆ. ಇದರ ವಿದ್ಯುತ್ ಪ್ರತಿರೋಧ ಅಷ್ಟೇ ದಪ್ಪದ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು, ಬಗ್ಗಿಸಿದರೆ ಬೇಗ ಮುರಿಯುತ್ತದೆ, ಜಾಕಿನ ಹಲ್ಲು ಲೇಪನವನ್ನು ಸೀಳುವ ಜಾಗದಲ್ಲಿ ಅಲ್ಯೂಮಿನಿಯಂಗೆ ಗಾಳಿ ತಾಗಿ ಕಿಲುಬು ಕಟ್ಟುತ್ತದೆ. ಕ್ಯಾಟ್ 6 ಮಾನದಂಡ ಕೇಳುವುದು ಅಪ್ಪಟ ತಾಮ್ರವನ್ನು. ಹಾಗಿರುವಾಗ ಸಿಸಿಎ ತಂತಿಯ ಮೇಲೆ ಕ್ಯಾಟ್ 6 ಎಂದು ಅಚ್ಚು ಹಾಕುವುದು ಕೊಳ್ಳುವವರಿಗೆ ಮಾಡುವ ಮೋಸ. ಇದನ್ನು ಮೆದುವಾಗಿ ಹೇಳಲು ನನಗೆ ಮನಸ್ಸಿಲ್ಲ.

ಅಂಗಡಿಯಲ್ಲಿ ನಿಂತು ಪರೀಕ್ಷಿಸುವುದು ಸುಲಭ. ಒಂದು ಗೇಣು ತುಂಡು ಕೇಳಿ, ಒಂದು ಎಳೆಯನ್ನು ಉಗುರಿನಿಂದಲ್ಲ, ಬ್ಲೇಡಿನಿಂದ ಕೆರೆಯಿರಿ. ಕತ್ತರಿಸಿದ ತುದಿಯನ್ನೂ ಬೆಳಕಿಗೆ ಹಿಡಿಯಿರಿ. ಒಳಗೂ ಹೊರಗೂ ಒಂದೇ ಕೆಂಪು ಇರಬೇಕು. ಅಯಸ್ಕಾಂತ ಹಿಡಿದು ನೋಡುವುದರಿಂದ ಪ್ರಯೋಜನವಿಲ್ಲ, ಅದು ತಾಮ್ರಕ್ಕೂ ಅಂಟುವುದಿಲ್ಲ, ಅಲ್ಯೂಮಿನಿಯಂಗೂ ಅಂಟುವುದಿಲ್ಲ. ಕೆರೆಯಲು ಅಂಗಡಿಯವರು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.

2023ರ ಜೂನ್ ಮೊದಲ ವಾರ ನಿಶ್ಚಿತಾರ್ಥವೊಂದಕ್ಕೆ ದಾವಣಗೆರೆಗೆ ಹೋಗಿದ್ದಾಗ ಡಿ-ಲಿಂಕ್‌ನ ಕ್ಯಾಟ್ 6 ಯುಟಿಪಿ (ಒಳಗೆ ಲೋಹದ ಹಾಳೆ ಸುತ್ತದ) ತಂತಿ ತಂದೆವು. 305 ಮೀಟರಿನ ಪೆಟ್ಟಿಗೆಯಿಂದ ಕತ್ತರಿಸಿ ಕೊಟ್ಟರು, ಮೀಟರಿಗೆ ಮೂವತ್ತೆರಡು ರೂಪಾಯಿ. ಒಳ್ಳೆಯ ತಂತಿಯ ಹೊದಿಕೆಯ ಮೇಲೆ ಮೀಟರ್ ಲೆಕ್ಕವೂ ಅಚ್ಚಾಗಿರುತ್ತದೆ. ಎರಡು ತುದಿಯ ಸಂಖ್ಯೆಗಳನ್ನು ಕಳೆದರೆ ಅಳತೆ ಸರಿ ಇದೆಯೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಎಳೆಗಳು 23 ಗೇಜ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ. ನಾಲ್ಕು ಜೋಡಿಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಬೆನ್ನೆಲುಬು ನಡುವೆ ಇದೆ. ಸುರುಳಿ ಕೈಗೆ ಬಂದಾಗಲೇ ತೂಕದ ವ್ಯತ್ಯಾಸ ತಿಳಿಯಿತು.

ಆ ಹೊತ್ತಿಗೆ ಕ್ಯಾಟ್ 7, ಕ್ಯಾಟ್ 8 ಎಂಬ ಚಪ್ಪಟೆ ತಂತಿಗಳನ್ನು ಕೊಳ್ಳುವಂತೆ ಹೇಳಿದವರಿದ್ದರು. ಸಂಖ್ಯೆ ಹೆಚ್ಚಾದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಬಲವಾಗಿದೆ. ಕ್ಯಾಟ್ 8 ದತ್ತಾಂಶ ಕೇಂದ್ರಗಳಿಗಾಗಿ ಬಂದದ್ದು, 30 ಮೀಟರ್ ಒಳಗೆ 40 ಗಿಗಾಬಿಟ್ ವೇಗಕ್ಕೆ. ಕ್ಯಾಟ್ 7 ಅನ್ನು ಅಮೆರಿಕದ ಟಿಐಎ ಮಾನದಂಡ ಒಪ್ಪಿಯೇ ಇಲ್ಲ. ಮನೆಯಲ್ಲಿ ಬೇಕಾದದ್ದು ಎಷ್ಟು ಎಂದು ನೋಡಿ: 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್, ಯೂಟ್ಯೂಬ್ 20. ಹಳೆಯ ಕ್ಯಾಟ್ 5ಇ ತಂತಿ ಕೂಡ ನೂರು ಮೀಟರಿನವರೆಗೆ 1000 ಎಂಬಿಪಿಎಸ್ ಸಾಗಿಸುತ್ತದೆ. ನಾನು ಕ್ಯಾಟ್ 6 ಆರಿಸಿದ್ದು ಬೆಲೆಯ ಅಂತರ ಕಡಿಮೆ ಇತ್ತು ಮತ್ತು ಎಳೆ ದಪ್ಪ ಇತ್ತು ಎಂಬ ಕಾರಣಕ್ಕೆ. ನಿಮ್ಮ ಮನೆಯ ಗೋಡೆಯೊಳಗೆ ಅಪ್ಪಟ ತಾಮ್ರದ ಕ್ಯಾಟ್ 5ಇ ಈಗಾಗಲೇ ಇದ್ದರೆ ಅದನ್ನು ಕೀಳಬೇಡಿ.

ಲೋಹದ ಹಾಳೆ ಸುತ್ತಿದ ಎಸ್‌ಟಿಪಿ ತಂತಿಯನ್ನೂ ತೋರಿಸಿದ್ದರು. ಅದಕ್ಕೆ ಲೋಹದ ಜಾಕ್ ಬೇಕು, ಸರಿಯಾದ ಅರ್ಥಿಂಗ್ ಬೇಕು. ನಮ್ಮಂಥ ಹಳೆಯ ಮನೆಗಳಲ್ಲಿ ಅರ್ಥಿಂಗ್ ಅನ್ನು ನಂಬುವಂತಿಲ್ಲ. ಕರೆಂಟ್ ವೈರಿನ ಪೈಪಿನೊಳಗೆ ಲ್ಯಾನ್ ವೈರನ್ನು ತೂರಿಸದೆ, ಅಡ್ಡ ಹಾಯಬೇಕಾದಲ್ಲಿ ಲಂಬ ಕೋನದಲ್ಲಿ ದಾಟಿಸಿದರೆ ಮನೆಗೆ ಯುಟಿಪಿ ಸಾಕು.

ಈ ಸಲ ಮಾಳಿಗೆಯ ಮೇಲೆ ತಂತಿಯನ್ನು ಬರಿದಾಗಿ ಬಿಡಲಿಲ್ಲ. ಒಳಾಂಗಣದ ತಂತಿಯ ಹೊದಿಕೆ ದುರ್ಗದ ಬಿಸಿಲಿಗಾಗಿ ಮಾಡಿದ್ದಲ್ಲ. ಹೊರಗೆ ಬಿಡುವುದಾದರೆ ಕಪ್ಪು ಪಾಲಿಎಥಿಲೀನ್ ಹೊದಿಕೆಯ ತಂತಿಯನ್ನೇ ಕೊಳ್ಳಬೇಕು. ಬಿಡಿಯಾಗಿ ಅದು ಸಿಗಲಿಲ್ಲವಾದ್ದರಿಂದ ನಾವು ಮುಕ್ಕಾಲು ಇಂಚಿನ ಪೈಪಿನೊಳಗೆ ಹಾಯಿಸಿ, ಪೈಪಿಗೆ ಬಿಳಿ ಬಣ್ಣ ಬಳಿದು, ಎರಡೆರಡು ಅಡಿಗೆ ಕ್ಲಾಂಪ್ ಹೊಡೆಸಿದೆವು. ಕೋತಿಗಳು ಈಗಲೂ ಬಂದು ಪೈಪಿನ ಮೇಲೆ ಕೂರುತ್ತವೆ, ಆದರೆ ಜಗ್ಗಲು ಏನೂ ಸಿಗುವುದಿಲ್ಲ. ಗವಾಕ್ಷಿಯಿಂದ ಇಳಿಯುವ ಮೊದಲು ತಂತಿಯನ್ನು ಒಂದು ಬಾಗು ಕೆಳಕ್ಕೆ ಬಿಟ್ಟು ಮತ್ತೆ ಮೇಲೆ ತಂದಿದ್ದೇವೆ. ಮಳೆಯ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ, ತಂತಿಯ ಗುಂಟ ಒಳಗೆ ಬರುವುದಿಲ್ಲ. ಗುಡುಗು ಸಿಡಿಲಿನ ಸೂಚನೆ ಕಂಡರೆ ಎರಡೂ ತುದಿಗಳನ್ನು ಕಳಚುತ್ತೇನೆ. ಫೈಬರ್ ಗಾಜಿನದು, ಅದಕ್ಕೆ ಭಯವಿಲ್ಲ. ಮಾಳಿಗೆಯ ಮೇಲಿನ ತಾಮ್ರಕ್ಕೆ ಇದೆ.

ತೊಂದರೆಯೇ ಬರಲಿಲ್ಲವೆಂದಲ್ಲ. ಈ ತಂತಿ ಬಿರುಸು, ಮೂಲೆಗಳಲ್ಲಿ ನಯವಾಗಿ ಬಾಗುವುದಿಲ್ಲ. ಒತ್ತಾಯದಿಂದ ಮಡಚಿದರೆ ಒಳಗಿನ ಹೆಣಿಗೆ ಕೆಡುತ್ತದೆ, ಆದ್ದರಿಂದ ದುಂಡಗೆ ತಿರುಗಿಸಲು ಜಾಗ ಬೇಕು. ಎಳೆ ದಪ್ಪವಿರುವುದರಿಂದ ಕ್ಯಾಟ್ 5 ಜಾಕಿನಲ್ಲಿ ಸರಿಯಾಗಿ ಕೂರುವುದಿಲ್ಲ, ಕ್ಯಾಟ್ 6ರದೇ ಜಾಕ್ ತರಬೇಕು. ಮೊದಲು ತಂದ ಜಾಕುಗಳಲ್ಲಿ ಎರಡು ವ್ಯರ್ಥವಾದವು.

ದೊಡ್ಡ ತೊಂದರೆ ಒಂದೂಕಾಲು ವರ್ಷದ ನಂತರ ಬಂತು. ದೀಪಾವಳಿಗೆ ಸುಣ್ಣ ಬಳಿಯುವಾಗ ಟಿವಿ ಮೇಜನ್ನು ಎರಡು ಮೂರು ಸಲ ಸರಿಸಿದೆವು. ಮರುದಿನ ಸಂಪರ್ಕ ಮತ್ತೆ 100ಕ್ಕೆ ಇಳಿದಿತ್ತು. ನನಗೆ ಎದೆ ಧಸಕ್ಕೆಂದಿತು, ಈ ತಂತಿಯೂ ಹೋಯಿತೇ ಎಂದು. ಎಳೆಗೊಂದರಂತೆ ದೀಪವಿರುವ ಲ್ಯಾನ್ ಟೆಸ್ಟರ್ ಹಾಕಿದಾಗ ಏಳನೆಯ ದೀಪ ಹತ್ತಲಿಲ್ಲ. ಮೇಜಿನ ಹಿಂದಿನ ಜಾಕಿನಲ್ಲಿ ಒಂದು ಎಳೆ ಸಡಿಲವಾಗಿತ್ತು, ಅಷ್ಟೇ. ಎಂಟು ಎಳೆಗಳಲ್ಲಿ ಪ್ರತಿಯೊಂದೂ ಇಡಿಯಾದ ಗಟ್ಟಿ ತಾಮ್ರವಾಗಿರುವ ಇಂಥ ತಂತಿ ಒಂದು ಕಡೆ ನೆಲೆಯಾಗಿರಬೇಕಾದದ್ದು, ದಿನವೂ ಸರಿದಾಡಲು ಅಲ್ಲ. ಅಂದು ಗೋಡೆಗೆ ಪೆಟ್ಟಿಗೆ ಹೊಡೆದು ಕೀಸ್ಟೋನ್ ಜಾಕ್, ಅಂದರೆ ಪೆಟ್ಟಿಗೆಯಲ್ಲಿ ಕೂರುವ ಲ್ಯಾನ್ ಕಿಂಡಿ, ಕೂರಿಸಿದೆವು. ಅಲ್ಲಿಂದ ಸ್ವಿಚ್‌ಗೆ ನವಿರು ಎಳೆಗಳ ಒಂದು ಮೀಟರ್ ಸಿದ್ಧ ತಂತಿ. ಮೊದಲ ದಿನವೇ ಹೀಗೆ ಮಾಡಬೇಕಿತ್ತು. ನಿಮ್ಮ ಎಲೆಕ್ಟ್ರಿಷಿಯನ್ ನೇರವಾಗಿ ಜಾಕ್ ಹೊಡೆದು ಹೋಗಲು ಹೊರಟರೆ ತಡೆದು, ಗೋಡೆಯ ಪೆಟ್ಟಿಗೆಯನ್ನು ಕೇಳಿ. ಜೋಡಿಗಳ ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚದಂತೆಯೂ ಹೇಳಿ.

ಇನ್ನೊಂದು ವಿಷಯಕ್ಕೆ ಹಲವರು ಗಾಬರಿಯಾಗುತ್ತಾರೆ. ತಂತಿ ಚುಚ್ಚಿದ ಮೇಲೆ ಟಿವಿಯಲ್ಲಿ ವೇಗ ಪರೀಕ್ಷಿಸಿದರೆ ನಮ್ಮಲ್ಲಿ 94 ತೋರಿಸುತ್ತದೆ. ಅದೇ ಟಿವಿಯನ್ನು ರೌಟರ್ ಪಕ್ಕಕ್ಕೆ ತಂದು ವೈ-ಫೈನಲ್ಲಿ ನೋಡಿದಾಗ 140ರವರೆಗೆ ಬಂತು. ಇದು ತಂತಿಯ ದೋಷವಲ್ಲ. ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿ, ದುಬಾರಿಯವುಗಳಲ್ಲಿಯೂ, ಲ್ಯಾನ್ ಕಿಂಡಿ 100 ಎಂಬಿಪಿಎಸ್‌ನದೇ ಆಗಿರುತ್ತದೆ. 20 ಬೇಕಾದಲ್ಲಿ 94 ಧಾರಾಳ. ವೈ-ಫೈ 140 ತೋರಿಸಿ ಮರುಕ್ಷಣ ಆರಕ್ಕೆ ಬೀಳಬಹುದು, ತಂತಿ ಇಡೀ ಸಂಜೆ 94ರಲ್ಲಿಯೇ ನಿಲ್ಲುತ್ತದೆ. ನೇರ ಪ್ರಸಾರದಲ್ಲಿ ಟಿವಿ ಮುಂದಿನ ದೃಶ್ಯಗಳನ್ನು ಹೆಚ್ಚು ಸಂಗ್ರಹಿಸಿಟ್ಟುಕೊಳ್ಳಲಾಗುವುದಿಲ್ಲ, ಇನ್ನೂ ನಡೆಯದ್ದನ್ನು ಸಂಗ್ರಹಿಸುವುದು ಹೇಗೆ? ಹಾಗಾಗಿ ವೇಗ ಬಿದ್ದ ಕ್ಷಣವೇ ಚಿತ್ರ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಸಿನಿಮಾ ನೋಡುವಾಗ ಕಾಣದ ತೊಂದರೆ ತೇರಿನ ದಿನವೇ ಕಂಡದ್ದು ಇದೇ ಕಾರಣಕ್ಕೆ.

ಖರ್ಚು ಇಪ್ಪತ್ತನಾಲ್ಕು ಮೀಟರ್ ತಂತಿಗೆ 768 ರೂಪಾಯಿ. ಪೈಪು, ಕ್ಲಾಂಪು, ಜಾಕು, ಗೋಡೆ ಪೆಟ್ಟಿಗೆ, ಕೂಲಿ ಸೇರಿ ಎರಡು ಸಾವಿರಕ್ಕೆ ಸ್ವಲ್ಪ ಮೇಲೆ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಆ ಅರ್ಧ ಅಂಕ ಕಳೆದದ್ದು ಬಿರುಸಿಗೆ.

ಕಳೆದ ಜಾತ್ರೆಯ ಮಧ್ಯಾಹ್ನ ಅತ್ತೆ ಊಟವನ್ನೂ ಬೇಗ ಮುಗಿಸಿ ಟಿವಿಯ ಮುಂದೆ ಕೂತಿದ್ದರು. ಬಾವುಟದ ಹರಾಜಿನಿಂದ ತೇರು ನಿಲ್ಲುವವರೆಗೂ ಚಿತ್ರ ಒಮ್ಮೆಯೂ ತಡೆಯಲಿಲ್ಲ. ಈಗ ಬೀದಿ ಬಾಗಿಲಿಗೆ ಕ್ಯಾಮೆರಾ ಹಾಕಿಸುವ ಮಾತಾಗುತ್ತಿದೆ. ಲ್ಯಾನ್ ತಂತಿಯಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ಬಗೆಯದು ಅದು, ಪ್ರತಿರೋಧ ಹೆಚ್ಚಿರುವ ಸಿಸಿಎ ಅಲ್ಲಿ ಬಿಸಿಯಾಗುತ್ತದೆ. ಹನ್ನೆರಡು ಮೀಟರ್ ಬೇಕು. ಬ್ಲೇಡನ್ನು ಈಗಾಗಲೇ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.