ತೆಂಗಿನ ನಾರಿನ ಮೊಟ್ಟೆಚಾಪೆ: ಯಾವ ಎರೆಮೀನಿಗೆ ಒಪ್ಪುತ್ತದೆ?

ದೊಡ್ಡ ಮೀನುಗಳ ಆಹಾರಕ್ಕೆಂದೋ ಗಾಳದ ಎರೆಗೆಂದೋ ಕೊಳದಲ್ಲಿ ಸಣ್ಣ ಮೀನುಗಳನ್ನು ಬೆಳೆಸುವವರಿಗಾಗಿ ಸಿದ್ಧ ಮೊಟ್ಟೆಚಾಪೆಗಳು, ಅಂದರೆ ಮೀನುಗಳು ಮೊಟ್ಟೆಯಿಡಲೆಂದು ನೀರಿನಲ್ಲಿ ಇರಿಸುವ ಚಾಪೆಗಳು, ಮಾರಾಟಕ್ಕಿವೆ. ನಾನು ಬಳಸಿದ್ದು, ರಬ್ಬರ್ ಲೇಪವಿರುವ ತೆಂಗಿನ ನಾರನ್ನು ತಂತಿಯ ಚೌಕಟ್ಟಿಗೆ ಬಿಗಿದು, ಅಂಚಿಗೆ ಪ್ಲಾಸ್ಟಿಕ್ ತೇಲುಪಟ್ಟಿ ಜೋಡಿಸಿದ ಚಾಪೆ. ಎಲ್ಲ ಬಗೆಯ ಎರೆಮೀನುಗಳಿಗೂ ಇದು ಸೂಕ್ತವೆಂದು ಹೊದಿಕೆಯ ಮೇಲೆ ಬರೆದಿದ್ದಾರೆ. ಉತ್ತರ ಅಮೆರಿಕದ ಎರಡು ಎರೆಮೀನುಗಳಲ್ಲಿ, ಗೋಲ್ಡನ್ ಶೈನರ್ ಮಟ್ಟಿಗೆ ಆ ಮಾತು ನಿಜ. ಫ್ಯಾಟ್‌ಹೆಡ್ ಮಿನ್ನೋ ಮಟ್ಟಿಗೆ ಅಲ್ಲ.

ಗೋಲ್ಡನ್ ಶೈನರ್ ಗೂಡು ಕಟ್ಟುವುದಿಲ್ಲ, ಮೊಟ್ಟೆಗಳನ್ನು ಕಾಯುವುದೂ ಇಲ್ಲ. ನೀರಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ದಡದ ಬಳಿಯ ಮುಳುಗು ಸಸ್ಯಗಳ ಮೇಲೋ ಎಳೆಯೆಳೆಯಾಗಿ ಬೆಳೆದ ಪಾಚಿಯ ಮೇಲೋ ಅಂಟುವ ಮೊಟ್ಟೆಗಳನ್ನು ಚೆಲ್ಲಿ ಹೋಗುತ್ತದೆ. ನಾರಿನ ಚಾಪೆ ಇದೇ ಮೇಲ್ಮೈಯನ್ನು ಒದಗಿಸುವುದರಿಂದ, ಕಳೆಯಿಲ್ಲದ ಕೊಳದಲ್ಲಿ ದಡದುದ್ದಕ್ಕೂ ನೀರಿನ ಮಟ್ಟಕ್ಕಿಂತ ಕೆಲವೇ ಸೆಂಟಿಮೀಟರ್ ಕೆಳಗೆ ಇರಿಸಿದರೆ ಮೀನುಗಳು ಬೆಳಗಿನ ಹೊತ್ತಿನಲ್ಲಿ ಗುಂಪಾಗಿ ಅದರತ್ತ ಬರುತ್ತವೆ. ಚಾಪೆಯನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದಾಗ, ನಾರಿನ ಒಂದೊಂದು ಎಳೆಗೂ ಸುಮಾರು 1 ಮಿಲಿಮೀಟರ್ ಗಾತ್ರದ ಪಾರದರ್ಶಕ ಮೊಟ್ಟೆಗಳು ಅಂಟಿರುವುದು ಕಾಣುತ್ತದೆ. ಸತ್ತವು ಮಾತ್ರ ಬೆಳ್ಳಗೆ ಮಬ್ಬಾಗಿರುತ್ತವೆ. ಕೊಳದಲ್ಲಿ ಜೊಂಡು, ಕಳೆ ದಟ್ಟವಾಗಿದ್ದರೆ ಮೊಟ್ಟೆಗಳು ಅಲ್ಲೆಲ್ಲ ಹಂಚಿಹೋಗುತ್ತವೆಯಾದ್ದರಿಂದ ಚಾಪೆಗೆ ಖರ್ಚು ಮಾಡುವ ಅಗತ್ಯವೇ ಇಲ್ಲ.

ಮೊಟ್ಟೆ ತುಂಬಿದ ಚಾಪೆಯನ್ನು ಒಣಗಲು ಬಿಡದೆ ಬೇರೆ ಕೊಳಕ್ಕೆ ಸಾಗಿಸುವುದು ಬಹಳ ಮುಖ್ಯ, ಏಕೆಂದರೆ ದೊಡ್ಡ ಶೈನರ್‌ಗಳು ತಮ್ಮದೇ ಮೊಟ್ಟೆಗಳನ್ನು ತಿನ್ನುತ್ತವೆ. ಚೌಕಟ್ಟು ಹಗುರವಾಗಿರುವುದರಿಂದ ಈ ಕೆಲಸ ಸುಲಭ, ಮತ್ತು ಈ ಉತ್ಪನ್ನದಲ್ಲಿ ನಾನು ಅತ್ಯಂತ ಮೆಚ್ಚಿದ ಗುಣ ಇದೇ. ನೀರು 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನಾಲ್ಕೈದು ದಿನಗಳೊಳಗೆ ಮರಿಗಳು ಹೊರಬರುತ್ತವೆ. ಹೂಳು ಕೂತ ಚಾಪೆಯಲ್ಲಿ ಮೊಟ್ಟೆಗಳಿಗೆ ಆಮ್ಲಜನಕ ಸಾಲದೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಪ್ರತಿ ಬಳಕೆಯ ನಂತರ ತೊಳೆದು ಬಿಸಿಲಿಗೆ ಒಣಗಿಸಬೇಕು.

ಫ್ಯಾಟ್‌ಹೆಡ್ ಮಿನ್ನೋವಿನ ರೀತಿಯೇ ಬೇರೆ. ಅದರ ಗಂಡು ಕಲ್ಲು, ಮರದ ದಿಮ್ಮಿ ಅಥವಾ ಹಲಗೆಯ ತಳಬದಿಯನ್ನು ಆರಿಸಿ ಶುಚಿಗೊಳಿಸುತ್ತದೆ. ಹೆಣ್ಣು ಆ ಚಾವಣಿಗೆ ಮೊಟ್ಟೆಗಳನ್ನು ಅಂಟಿಸಿ ಹೋದ ಮೇಲೆ, ಗಂಡು ತನ್ನ ಬೆನ್ನಿನ ಮುಂಭಾಗದ ಮೆತ್ತನೆಯ ಉಬ್ಬಿನಿಂದ ಅವನ್ನು ಸವರುತ್ತ, ಹತ್ತಿರ ಬಂದ ಮೀನುಗಳನ್ನು ಅಟ್ಟುತ್ತ ಕಾವಲಿರುತ್ತದೆ. ಅಷ್ಟು ಚಿಕ್ಕ ಮೀನಿನ ಈ ನಿಷ್ಠೆ ನಿಜಕ್ಕೂ ಗೌರವ ಹುಟ್ಟಿಸುವಂಥದ್ದು. ಅದಕ್ಕೆ ಬೇಕಾದದ್ದು ಗಟ್ಟಿಯಾದ, ಸಮತಟ್ಟಾದ ಮಾಡು. ನಾರಿನಲ್ಲಿ ಅದು ಸಿಗುವುದಿಲ್ಲ. ನನ್ನ ಕೊಳದ ಮಿನ್ನೋಗಳು ನಾರನ್ನು ಮುಟ್ಟಲಿಲ್ಲ, ಆದರೆ ಅದೇ ಚಾಪೆಯ ತೇಲುಪಟ್ಟಿಯ ಅಡಿಯಲ್ಲಿ ಒತ್ತೊತ್ತಾಗಿ ಮೊಟ್ಟೆಯಿಟ್ಟವು.

ಆದ್ದರಿಂದ ಶೈನರ್ ಅಥವಾ ಗೋಲ್ಡ್‌ಫಿಶ್ ಬೆಳೆಸುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಮಿನ್ನೋ ಮಾತ್ರ ಸಾಕುವವರು ಹಳೆಯ ಹಲಗೆಗಳನ್ನೋ ಹೆಂಚುಗಳನ್ನೋ ಆಳವಿಲ್ಲದ ನೀರಿನಲ್ಲಿ, ಅಡಿಯಲ್ಲಿ ಮೀನು ನುಸುಳುವಷ್ಟು ಜಾಗ ಬಿಟ್ಟು ಇರಿಸಿದರೆ ಸಾಕು. ತಯಾರಕರು ತುಕ್ಕು ಹಿಡಿಯದ ತಂತಿಯನ್ನು ಬಳಸಬೇಕು ಮತ್ತು ಯಾವ ಮೀನಿಗೆ ಈ ಚಾಪೆ ಎಂಬುದನ್ನು ಹೊದಿಕೆಯ ಮೇಲೆ ಹೆಸರಿಸಿಯೇ ಮುದ್ರಿಸಬೇಕು.