ಲಾರಿ ಸಾಫ್ಟ್‌ವೇರ್ ಟ್ರಯಲ್ ಅಂತ ಬಂದರೆ ಹುಷಾರು: ಕೋಲಾರ, ಮಾಲೂರು, ನರಸಾಪುರದ ಟ್ರಾನ್ಸ್‌ಪೋರ್ಟ್‌ನವರು ಓದಿ

ಕೋಲಾರ, ಮಾಲೂರು, ನರಸಾಪುರ, ವೇಮಗಲ್ ಕಡೆ ಟ್ರಾನ್ಸ್‌ಪೋರ್ಟ್ ಆಫೀಸ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲಾರಿ ಸಾಫ್ಟ್‌ವೇರ್ ಮಾರುವವರು ಈಗ ಕಾರ್ಖಾನೆ ಗೇಟಿನ ಹತ್ತಿರವೇ ಓಡಾಡುತ್ತಿದ್ದಾರೆ. "ಮೊದಲು ಟ್ರಯಲ್ ಮಾಡಿ ಸರ್, ಇಷ್ಟ ಆದ್ರೆ ಮಾತ್ರ ದುಡ್ಡು ಕೊಡಿ" ಅಂತಾರೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ನಾವು ಟ್ರಯಲ್ ಮಾಡಿಯೇ ತಗೊಂಡೆವು. ಆ ಟ್ರಯಲ್ಲೇ ಮೋಸ. ಕಂಪನಿಯ ಹೆಸರು ಬರೆಯಬೇಡಿ ಅಂತ ವಕೀಲರು ಹೇಳಿದ್ದಾರೆ, ಅದಕ್ಕೆ ಬರೆಯುತ್ತಿಲ್ಲ. ನಡೆದದ್ದನ್ನಂತೂ ಬರೆಯುತ್ತೇನೆ.

ನಮ್ಮದು ಎರಡು ಥರದ ಲೋಡ್. ನರಸಾಪುರದ ಕಾರ್ಖಾನೆಯಿಂದ ಶ್ರೀಪೆರಂಬುದೂರಿಗೆ ಬಿಡಿಭಾಗ ಹೋಗುತ್ತದೆ. ಸೀಸನ್‌ನಲ್ಲಿ ಎಪಿಎಂಸಿಯಿಂದ ಟೊಮ್ಯಾಟೊ. ಸ್ವಂತ ಲಾರಿ ಸ್ವಲ್ಪ, ಮಿಕ್ಕದ್ದು ಮಾರ್ಕೆಟ್ ಗಾಡಿ, ಅಂದರೆ ಬೇರೆಯವರಿಂದ ಬಾಡಿಗೆಗೆ ಹಿಡಿದದ್ದು. ಕಾರ್ಖಾನೆಯವರು ಈ ವರ್ಷ ಹೊಸ ಷರತ್ತು ಹಾಕಿದರು. ಲಾರಿ ಎಲ್ಲಿದೆ ಅಂತ ಅವರ ಆಫೀಸಿನಲ್ಲೇ ಕಾಣಬೇಕು, ಮಾಲು ಇಳಿಸಿದ ಪಿಒಡಿ (ಮಾಲು ತಲುಪಿತು ಅನ್ನೋದಕ್ಕೆ ಪುರಾವೆ ಕಾಗದ) ಅದೇ ದಿನ ಬರಬೇಕು, ದಾರಿಯಲ್ಲಿ ಗಾಡಿ ಬದಲಾದರೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಜಿಎಸ್‌ಟಿಯಲ್ಲಿ ಬೇಕಾದ ಬಿಲ್) ಪಾರ್ಟ್ ಬಿ, ಅಂದರೆ ಗಾಡಿ ನಂಬರ್ ಇರುವ ಭಾಗ, ತಕ್ಷಣ ಬದಲಾಗಬೇಕು. ಇಲ್ಲ ಅಂದ್ರೆ ಕಾಂಟ್ರ್ಯಾಕ್ಟ್ ಮುಂದುವರಿಯಲ್ಲ. ರಾತ್ರಿ ಎಲ್ಲ ಎದ್ದು ಕೂತು ಡ್ರೈವರ್‌ಗಳಿಗೆ ಫೋನ್ ಮಾಡೋದು, ಪೋರ್ಟಲ್ ತೆಗೆದು ಗಾಡಿ ನಂಬರ್ ಹಾಕೋದು, ಇದನ್ನೆಲ್ಲ ಒಬ್ಬ ಕ್ಲರ್ಕ್ ಇಟ್ಟುಕೊಂಡು ಮಾಡೋಕೆ ಆಗಲ್ಲ. ಅದಕ್ಕೇ ಸಾಫ್ಟ್‌ವೇರ್ ಬೇಕಾಗಿತ್ತು. ಶೋಕಿಗೆ ಅಲ್ಲ.

ಟ್ರಯಲ್ ಅಂದರೆ ಸುಮ್ನೆ ಲ್ಯಾಪ್‌ಟಾಪ್‌ನಲ್ಲಿ ಡೆಮೊ ತೋರಿಸಿ ಹೋದದ್ದಲ್ಲ. ನಿಜವಾದ ಲೋಡ್, ನಿಜವಾದ ಲಾರಿ, ಇದೇ ಶ್ರೀಪೆರಂಬುದೂರು ಲೈನ್. ಎಲ್‌ಆರ್ (ಪ್ರತಿ ಲೋಡ್‌ಗೆ ನಾವು ಬರೆಯುವ ಲಾರಿ ರಸೀದಿ) ಅದರಲ್ಲೇ ಹಾಕಿದೆವು. ಅವರು ಎರಡು ವಿಷಯ ಕೇಳಿದರು. ಒಂದು, ಡ್ರೈವರ್‌ಗಳ ಫೋನ್ ನಂಬರ್, ಸಿಮ್ ಟ್ರ್ಯಾಕಿಂಗ್‌ಗೆ ಅಂತ. ಇನ್ನೊಂದು, ಇ-ವೇ ಬಿಲ್ ಪೋರ್ಟಲ್‌ನಲ್ಲಿ ಒಂದು ಸಬ್ ಯೂಸರ್ ಲಾಗಿನ್ (ನಮ್ಮ ಖಾತೆಯಲ್ಲೇ ಇನ್ನೊಬ್ಬರು ಕೆಲಸ ಮಾಡೋಕೆ ಕೊಡುವ ಲಾಗಿನ್), "ಇಂಟಿಗ್ರೇಷನ್‌ಗೆ ಬೇಕು ಸರ್" ಅಂತ. ಆ ಲಾಗಿನ್‌ಗೆ ಅವರ ಹುಡುಗನ ಮೊಬೈಲ್ ನಂಬರನ್ನೇ ಹಾಕಿಸಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಟ್ರಯಲ್ ಎಷ್ಟು ಚೆನ್ನಾಗಿ ನಡೆಯಿತು ಅಂದರೆ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಲಾರಿ ಮುಳಬಾಗಿಲು ದಾಟಿತು ಅಂದರೆ ಮ್ಯಾಪ್‌ನಲ್ಲಿ ಮುಳಬಾಗಿಲು ದಾಟಿತು. ನಂಗಲಿ, ಪಲಮನೇರು, ಚಿತ್ತೂರು, ಒಂದೊಂದೂ ಸರಿಯಾಗಿ. ಪಕ್ಕದಲ್ಲಿ ಸಣ್ಣ ಟಿಪ್ಪಣಿ ಬೇರೆ ಬರುತ್ತಿತ್ತು, "ಡ್ರೈವರ್ ಊಟಕ್ಕೆ ನಿಂತಿದ್ದಾರೆ, ಅರ್ಧ ಗಂಟೆ" ಅಂತ. ಊಟಕ್ಕೆ ನಿಂತದ್ದು ಹೇಗೆ ಗೊತ್ತಾಯಿತು ಅಂತ ನಾನು ಕೇಳಿದೆ. ಕೇಳಿದೆ, ಕೇಳದೆ ಬಿಡಲಿಲ್ಲ. ಸೇಲ್ಸ್ ಹುಡುಗ ನಕ್ಕು "ಎಐ ಸರ್, ಡ್ರೈವರ್ ಬಿಹೇವಿಯರ್ ಕಲಿತುಕೊಳ್ಳುತ್ತೆ" ಅಂದ. ನನ್ನ ಮುಖ ನೋಡಿಕೊಂಡೇ ಅಂದ.

ಟ್ರಯಲ್ ನಡುವೆ ಒಂದು ಗಾಡಿಯ ಕ್ಲಚ್ ಹೋಯಿತು. ಮಾಲನ್ನು ಬೇರೆ ಲಾರಿಗೆ ಬದಲಾಯಿಸಿದೆವು. ನಾವು ಆಫೀಸಿನಲ್ಲಿ ಪೋರ್ಟಲ್ ತೆಗೆಯುವಷ್ಟರಲ್ಲಿ ಪಾರ್ಟ್ ಬಿಯಲ್ಲಿ ಹೊಸ ಗಾಡಿ ನಂಬರ್ ಬಂದಾಗಿತ್ತು. ಯಾರೂ ಒಂದು ಬಟನ್ ಒತ್ತಿರಲಿಲ್ಲ. ಹಿಂದೆಯೇ ವಾಟ್ಸಾಪ್ ಬಂತು: "ವೆಹಿಕಲ್ ಚೇಂಜ್ ಆಟೋ ಡಿಟೆಕ್ಟೆಡ್, ಪಾರ್ಟ್ ಬಿ ಆಟೋ ಅಪ್‌ಡೇಟೆಡ್." ಆ ಮೆಸೇಜ್ ಇವತ್ತೂ ನನ್ನ ಫೋನಿನಲ್ಲಿದೆ. ಆಟೋ ಅನ್ನುವ ಮಾತು ಎರಡು ಸಲ ಇದೆ ಅದರಲ್ಲಿ. ಅದನ್ನು ಕಾರ್ಖಾನೆಯ ಲಾಜಿಸ್ಟಿಕ್ಸ್ ಮ್ಯಾನೇಜರ್‌ಗೂ ತೋರಿಸಿದೆ. ಅವರೂ ಒಪ್ಪಿದರು. ಒಂದು ವರ್ಷದ ದುಡ್ಡು ಮುಂಗಡ, ಮೇಲೆ 18% ಜಿಎಸ್‌ಟಿ ಸೇರಿಸಿ ಕಟ್ಟಿದೆವು.

ದುಡ್ಡು ಕಟ್ಟಿದ ಮೇಲೆ ಮ್ಯಾಪ್ ತೊದಲೋಕೆ ಶುರು ಮಾಡಿತು. ಲಾರಿ ರಾಣಿಪೇಟೆಯಲ್ಲಿ ಇದ್ದರೂ ಮ್ಯಾಪ್‌ನಲ್ಲಿ ಇನ್ನೂ ಪಲಮನೇರು. ಫೋನ್ ಮಾಡಿದರೆ "ನೆಟ್‌ವರ್ಕ್ ಇಶ್ಯೂ ಸರ್". ಊಟದ ಟಿಪ್ಪಣಿ ನಿಂತೇ ಹೋಯಿತು. ಕೇಳಿದರೆ "ಹೊಸ ವರ್ಷನ್‌ನಲ್ಲಿ ಬರುತ್ತೆ ಸರ್". ಟೊಮ್ಯಾಟೊ ಲೋಡ್‌ಗೆ ಇ-ವೇ ಬಿಲ್ ನಂಬರ್ ಹಾಕದೆ ಎಲ್‌ಆರ್ ಸೇವ್ ಆಗಲ್ಲ ಅಂತ ಹಠ ಹಿಡಿಯಿತು. ತಾಜಾ ಟೊಮ್ಯಾಟೊಗೆ ಜಿಎಸ್‌ಟಿಯೇ ಇಲ್ಲ, ಇ-ವೇ ಬಿಲ್ ಬೇಕಾಗಿಲ್ಲ ಅಂತ ನಮ್ಮ ಮಂಡಿಯ ಹಮಾಲಿಗೂ ಗೊತ್ತು. ಕೋಲಾರಕ್ಕೆ ಬಂದು ಲಾರಿ ಸಾಫ್ಟ್‌ವೇರ್ ಮಾರುವವರಿಗೆ ಗೊತ್ತಿಲ್ಲ. ನಾಲ್ಕು ಮಂಡಿಯ ಬಾಕ್ಸ್ ಒಂದೇ ಲಾರಿಗೆ ಹಾಕಿದರೆ ಬಾಡಿಗೆ ಹಂಚೋಕೂ ಅದಕ್ಕೆ ಬರಲ್ಲ. ಇದೆಲ್ಲ ಬಿಡಿ, ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಒಂದು ಭಾನುವಾರ ರಾತ್ರಿ ಮೊಗಿಲಿ ಘಾಟ್‌ನಲ್ಲಿ ಗಾಡಿ ಆಕ್ಸಲ್ ಕಟ್ ಆಯಿತು. ಚಿತ್ತೂರಿನಿಂದ ಬೇರೆ ಲಾರಿ ಹಿಡಿದು ಮಾಲು ಬದಲಾಯಿಸಿದೆವು. ಈ ಸಲ ಯಾವ ಆಟೋ ಡಿಟೆಕ್ಟೂ ಇಲ್ಲ. ಸರಿ ಅಂತ ಆ್ಯಪ್‌ನಲ್ಲಿ ವೆಹಿಕಲ್ ಚೇಂಜ್ ಒತ್ತಿ ಹೊಸ ನಂಬರ್ ಹಾಕಿದೆವು. ಹಸಿರು ಟಿಕ್ ಬಂತು. "ಪಾರ್ಟ್ ಬಿ ಸಬ್ಮಿಟೆಡ್" ಅಂತ ಬರೆದಿತ್ತು. ಗಾಡಿ ಬಿಡು ಅಂದೆವು ಡ್ರೈವರ್‌ಗೆ. ಬೆಳಗಿನ ಜಾವ ವಾಲಾಜಾ ಹತ್ತಿರ ತೆರಿಗೆ ಇಲಾಖೆಯವರು ಹಿಡಿದರು. ಪೋರ್ಟಲ್‌ನಲ್ಲಿ ಹಳೇ ಗಾಡಿ ನಂಬರ್, ರಸ್ತೆಯಲ್ಲಿ ಬೇರೆ ಗಾಡಿ. ಅವರು ಅವರ ಕೆಲಸ ಮಾಡಿದರು, ಅವರದ್ದೇನು ತಪ್ಪಿಲ್ಲ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 129 ಏನು ಅಂತ ನಿಮಗೆಲ್ಲ ಗೊತ್ತು, ದಾಖಲೆ ಸರಿಯಿಲ್ಲ ಅಂದರೆ ಗಾಡಿ, ಮಾಲು ಹಿಡಿದು ದಂಡ ಹಾಕುತ್ತಾರೆ. 2022ರಿಂದ ದಂಡ ತೆರಿಗೆಯ ಎರಡರಷ್ಟು. ಕಾರ್ಖಾನೆಯವರು ಅದನ್ನು ಕಟ್ಟಿ ಮಾಲು ಬಿಡಿಸಿಕೊಂಡು, ನಮ್ಮ ಬಾಡಿಗೆಯಲ್ಲಿ ಮುರಿದುಕೊಂಡರು. ಆ ಮ್ಯಾನೇಜರ್‌ಗೆ ನಾನೇ ಹೋಗಿ "ಆಟೋ ಅಪ್‌ಡೇಟ್ ಆಗುತ್ತೆ ಸರ್" ಅಂತ ತೋರಿಸಿದ್ದೆ ಅಲ್ವಾ? ಅವರ ಮುಂದೆ ನಿಂತು ಉತ್ತರ ಕೊಡೋಕೆ ನನಗೆ ಮುಖ ಇರಲಿಲ್ಲ. ಆ ಲೈನಿನ ಅರ್ಧ ಲೋಡ್ ಈಗ ಬೇರೆಯವರಿಗೆ ಹೋಗಿದೆ.

ವಾಲಾಜಾದಲ್ಲಿ ಸಿಕ್ಕಿಬಿದ್ದ ಡ್ರೈವರ್ ವಾಪಸ್ ಬಂದ ಮೇಲೆ ಒಂದು ಮಾತು ಹೇಳಿದ. ಟ್ರಯಲ್ ಟೈಮಲ್ಲಿ ಓಡಿಸಿದವನೂ ಅವನೇ.

"ಅಣ್ಣಾ, ಮೊದಲು ಒಬ್ಬ ಹುಡುಗ ಗಂಟೆಗೊಂದು ಸಲ ಫೋನ್ ಮಾಡೋನಲ್ಲ, ಅವನು ಈಗ ಮಾಡಲ್ವಾ? ಎಲ್ಲಿದ್ದೀಯ, ಊಟ ಆಯ್ತಾ, ಗಾಡಿ ಬದಲಾಯ್ತಾ ಅಂತೆಲ್ಲ ಕೇಳೋನು. ನೀವೇ ಇಟ್ಟಿದ್ದೀರಿ ಅಂದುಕೊಂಡಿದ್ದೆ."

ನನಗೆ ಒಂದು ನಿಮಿಷ ಅರ್ಥವೇ ಆಗಲಿಲ್ಲ. ಆಮೇಲೆ ಎಲ್ಲ ಒಂದೇ ಸಲ ಅರ್ಥ ಆಯಿತು. ಊಟಕ್ಕೆ ನಿಂತದ್ದು ಎಐಗೆ ಗೊತ್ತಾಗಿರಲಿಲ್ಲ, ಫೋನ್ ಮಾಡಿ ಕೇಳಿಕೊಂಡಿದ್ದರು. ಮ್ಯಾಪ್‌ನಲ್ಲಿ ಲಾರಿಯನ್ನು ಅವರ ಆಫೀಸಿನ ಹುಡುಗ ಕೈಯಾರೆ ಮುಂದೆ ಮುಂದೆ ಇಡುತ್ತಿದ್ದ. ಕ್ಲಚ್ ಹೋದಾಗ ಡ್ರೈವರ್ ಹತ್ತಿರ ಹೊಸ ಗಾಡಿ ನಂಬರ್ ಕೇಳಿಕೊಂಡು, ನಾವು ಕೊಟ್ಟ ಸಬ್ ಯೂಸರ್ ಲಾಗಿನ್‌ನಲ್ಲಿ ಹೋಗಿ ಪಾರ್ಟ್ ಬಿ ಬದಲಾಯಿಸಿ, ನನಗೆ ಆಟೋ ಅಂತ ಮೆಸೇಜ್ ಹಾಕಿದ್ದ. ಟ್ರಯಲ್ ಇಡೀ ಹೀಗೇ. ಎಲ್ಲಾ ಡ್ರೈವರ್‌ಗಳನ್ನೂ ಕೂರಿಸಿ ಕೇಳಿದೆ. ಎಲ್ಲರಿಗೂ ಆ ಫೋನ್ ಬರುತ್ತಿತ್ತು. ಸಿಮ್ ಟ್ರ್ಯಾಕಿಂಗ್ ಅಂದರೆ ಡ್ರೈವರ್ ಮೊಬೈಲ್‌ಗೆ ಒಪ್ಪಿಗೆ ಕೇಳಿ ಮೆಸೇಜ್ ಬರಬೇಕು, ಅವನು ಒಪ್ಪಿದರೆ ಮಾತ್ರ ಟವರ್ ಲೆಕ್ಕದಲ್ಲಿ ಜಾಗ ಗೊತ್ತಾಗೋದು. ಆ ಮೆಸೇಜ್ ಟ್ರಯಲ್‌ನಲ್ಲಿ ಒಬ್ಬರಿಗೂ ಬಂದಿರಲಿಲ್ಲ! ದುಡ್ಡು ಕಟ್ಟಿದ ಮೇಲೇ ಮೊದಲ ಸಲ ಬಂದದ್ದು. ಟೊಮ್ಯಾಟೊ ಬಾಕ್ಸ್‌ನಲ್ಲಿ ಮೇಲಿನ ಸಾಲು ಕೆಂಪು ಹಣ್ಣು ಜೋಡಿಸಿ ಕೆಳಗೆ ಕೊಳೆತದ್ದು ತುಂಬುವವರನ್ನು ಮಂಡಿಯಲ್ಲಿ ನೋಡಿದ್ದೇನೆ, ಅವರನ್ನಾದರೂ ಬಾಕ್ಸ್ ಸುರಿದು ಹಿಡಿಯಬಹುದು. ಇವರನ್ನು ಹೇಗೆ ಹಿಡಿಯೋದು?

ಸಪೋರ್ಟ್‌ಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ಹೊಸಬಳು ಅನಿಸುತ್ತೆ, ಪಾಪ, ನಿಜ ಹೇಳಿಬಿಟ್ಟಳು. "ಸರ್, ಟ್ರಯಲ್‌ನಲ್ಲಿ ಬ್ಯಾಕೆಂಡ್ ಟೀಮ್ ಮ್ಯಾನ್ಯುಯಲ್ ಆಗಿ ನೋಡಿಕೊಳ್ಳುತ್ತೆ. ನಿಮ್ಮ ಪ್ಲ್ಯಾನ್‌ನಲ್ಲಿ ಅದು ಇಲ್ಲ. ನೀವು ಸಬ್ಮಿಟ್ ಮಾಡಿದ್ದು ಕ್ಯೂನಲ್ಲಿ ಇರುತ್ತೆ, ವರ್ಕಿಂಗ್ ಅವರ್ಸ್‌ನಲ್ಲಿ ಪ್ರಾಸೆಸ್ ಆಗುತ್ತೆ." ಅಂದರೆ ಹಸಿರು ಟಿಕ್ ಬಂದರೂ ಪೋರ್ಟಲ್‌ಗೆ ಏನೂ ಹೋಗಿರಲ್ಲ! ಸೋಮವಾರ ಹತ್ತು ಗಂಟೆಗೆ ಯಾರೋ ಬಂದು ಟೈಪ್ ಮಾಡಬೇಕು. ಲಾರಿ ರಸ್ತೆಯಲ್ಲಿ ಓಡುವುದು ರಾತ್ರಿ. ಇವರ ಸಾಫ್ಟ್‌ವೇರ್ ಓಡುವುದು ಆಫೀಸ್ ಟೈಮ್.

ಆಮೇಲೆ ಮ್ಯಾನೇಜರ್ ಬಂದರು ಲೈನಿಗೆ. ಮಾತು ಬೇರೆಯೇ ಆಯಿತು. "ಸರ್, ಅದನ್ನು ಮೋಸ ಅನ್ನಬೇಡಿ, ಅದು ಹೈ ಟಚ್ ಆನ್‌ಬೋರ್ಡಿಂಗ್" ಅಂದರು. ಹಾಗಾದರೆ ಆಟೋ ಅಂತ ಯಾಕೆ ಮೆಸೇಜ್ ಹಾಕಿದಿರಿ ಅಂದೆ. "ಕಸ್ಟಮರ್ ಪಾಯಿಂಟ್ ಆಫ್ ವ್ಯೂನಲ್ಲಿ ಆಟೋನೇ ಅಲ್ವಾ ಸರ್, ನೀವೇನೂ ಮಾಡಬೇಕಾಗಿರಲಿಲ್ಲವಲ್ಲ." ಇದು ಅವರ ಉತ್ತರ. ಯೋಚನೆ ಮಾಡಿ. ದಂಡದ ವಿಷಯ ಎತ್ತಿದರೆ, "ನಿಮ್ಮ ಡ್ರೈವರ್‌ಗಳು ಟೆಕ್ನಾಲಜಿಗೆ ಇನ್ನೂ ಹೊಂದಿಕೊಂಡಿಲ್ಲ ಸರ್." ನಮ್ಮ ಡ್ರೈವರ್ ಏನು ಮಾಡಬೇಕಾಗಿತ್ತು? ಅವನ ಫೋನಿಂದಲೇ ನಡೆದದ್ದಲ್ವಾ ನಿಮ್ಮ ಟ್ರಯಲ್? ದುಡ್ಡು ವಾಪಸ್ ಕೇಳಿದರೆ, ಅಗ್ರಿಮೆಂಟ್‌ನಲ್ಲಿ ವಾಪಸ್ ಇಲ್ಲ ಅಂತ ಇದೆ ಅಂದರು. ಕೊನೆಗೆ ಕೋಪ ನೆತ್ತಿಗೇರಿದ್ದು ಇದಕ್ಕೆ: "ಪ್ರೀಮಿಯಂ ಸಪೋರ್ಟ್ ತಗೊಳ್ಳಿ ಸರ್, ಟ್ರಯಲ್‌ನಲ್ಲಿ ಇದ್ದ ಅದೇ ಟೀಮ್ ಕೊಡುತ್ತೇವೆ, ತಿಂಗಳಿಗೆ ಸ್ವಲ್ಪ ಎಕ್ಸ್‌ಟ್ರಾ." ಫೋನ್ ಮಾಡಿ ಕೇಳುವ ಹುಡುಗನಿಗೆ ನಾವು ಬೇರೆ ದುಡ್ಡು ಕೊಡಬೇಕಂತೆ! ಅಂಥ ಹುಡುಗನನ್ನು ಕೋಲಾರದಲ್ಲಿ ನಾವೇ ಇಟ್ಟುಕೊಳ್ಳಬಹುದಿತ್ತು. ಅವನಾದರೂ ತೆಲುಗು, ತಮಿಳು ಮಾತಾಡುತ್ತಿದ್ದ.

ನಮ್ಮ ಎಲ್‌ಆರ್ ಡೇಟಾ ವಾಪಸ್ ಕೊಡಿ ಅಂದರೆ ಒಂದೊಂದೇ ಪಿಡಿಎಫ್ ಡೌನ್‌ಲೋಡ್ ಮಾಡಿಕೊಳ್ಳಿ ಅಂತಾರೆ. ಎಕ್ಸೆಲ್ ಬೇಕಾದರೆ ಅದು ದೊಡ್ಡ ಪ್ಲ್ಯಾನ್. ಯಾವ ಪಾರ್ಟಿ ಎಷ್ಟು ಬಾಡಿಗೆ ಬಾಕಿ, ಯಾರಿಗೆ ಎಷ್ಟು ಅಡ್ವಾನ್ಸ್, ಎಲ್ಲ ಅದರಲ್ಲೇ ಸಿಕ್ಕಿಕೊಂಡಿದೆ. ನಮ್ಮ ಲೆಕ್ಕ ನಮಗೆ ಕೊಡೋಕೆ ಇವರ ಅಪ್ಪಣೆ ಬೇಕು.

ವಕೀಲರ ಹತ್ತಿರ ಹೋದೆ. 2019ರ ಗ್ರಾಹಕ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಅಂತ ಕೊಂಡವರು ಗ್ರಾಹಕರ ಲೆಕ್ಕಕ್ಕೆ ಬರಲ್ಲ, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡಿದ್ದರೆ ಮಾತ್ರ ಬರುತ್ತಾರೆ ಅಂದರು. ಅದನ್ನು ವಾದ ಮಾಡಿ ನೋಡಬೇಕು. ಸಿವಿಲ್ ಕೇಸ್ ಅಂದರೆ ಅಗ್ರಿಮೆಂಟ್‌ನಲ್ಲಿ ಗುರುಗ್ರಾಮದ ಕೋರ್ಟ್ ಅಂತ ಬರೆದಿದ್ದಾರೆ. ಕೋಲಾರದ ಲಾರಿಯವನು ಗುರುಗ್ರಾಮಕ್ಕೆ ಹೋಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ನೋಟಿಸ್ ಅಂತೂ ಕಳಿಸಿದ್ದೇವೆ.

ಟ್ರಯಲ್ ಮಾಡುವವರು ಇಷ್ಟು ಮಾಡಿ. ಡ್ರೈವರ್‌ಗಳಿಗೆ ಮೊದಲೇ ಹೇಳಿ, ಆಫೀಸ್ ಬಿಟ್ಟು ಬೇರೆ ಯಾರು ಫೋನ್ ಮಾಡಿದರೂ ಎಲ್ಲಿದ್ದೀಯ ಅಂತ ಹೇಳಬೇಡ ಅಂತ. ಆಗ ನೋಡಿ ಮ್ಯಾಪ್ ಓಡುತ್ತಾ ಅಂತ. ಫಾಸ್ಟ್‌ಟ್ಯಾಗ್‌ನಿಂದ ಗೊತ್ತಾಗುತ್ತೆ ಅಂದರೆ ನಂಬಬೇಡಿ, ಅದರಲ್ಲಿ ಟೋಲ್ ದಾಟಿದ್ದು ಮಾತ್ರ ಗೊತ್ತಾಗೋದು, ಎರಡು ಟೋಲ್ ನಡುವೆ ಗಾಡಿ ಎಲ್ಲಿ ನಿಂತಿದೆ ಅಂತ ಅಲ್ಲ. ಪೋರ್ಟಲ್‌ನ ಸಬ್ ಯೂಸರ್ ಲಾಗಿನ್ ಕೊಡಲೇಬೇಡಿ. ನಿಜವಾದ ಇಂಟಿಗ್ರೇಷನ್ ಇದ್ದರೆ ಅವರು ಜಿಎಸ್‌ಪಿ (ಸರ್ಕಾರ ಒಪ್ಪಿದ ಜಿಎಸ್‌ಟಿ ಸುವಿಧಾ ಪ್ರೊವೈಡರ್ ಕಂಪನಿ) ಮೂಲಕ ಬರುತ್ತಾರೆ, ಪೋರ್ಟಲ್‌ನಲ್ಲೇ ಅದಕ್ಕೆ ಬೇರೆ ರಿಜಿಸ್ಟ್ರೇಷನ್ ಇದೆ. ಟ್ರಯಲನ್ನು ಭಾನುವಾರ ರಾತ್ರಿ ಮಾಡಿ, ಬೇಕಂತಲೇ ಗಾಡಿ ಬದಲಾಯಿಸಿ, ಅವರಿಗೆ ಹೇಳಬೇಡಿ. ಹಸಿರು ಟಿಕ್ ನೋಡಬೇಡಿ, ಸರ್ಕಾರದ ಪೋರ್ಟಲ್ ತೆಗೆದು ನೋಡಿ. ವರ್ಷದ ದುಡ್ಡು ಒಟ್ಟಿಗೆ ಯಾರಿಗೂ ಕೊಡಬೇಡಿ, ಎಷ್ಟೇ ಡಿಸ್ಕೌಂಟ್ ಕೊಡಲಿ. ಈಗಾಗಲೇ ಇಂಥವರಿಗೆ ಸಬ್ ಯೂಸರ್ ಕೊಟ್ಟಿರುವವರು ಇವತ್ತೇ ಪೋರ್ಟಲ್‌ಗೆ ಹೋಗಿ ಅದನ್ನು ಫ್ರೀಜ್ ಮಾಡಿ. ಆ ಲಾಗಿನ್‌ನಲ್ಲಿ ಅವರು ಏನೇ ಮಾಡಿದರೂ ಅದು ನಿಮ್ಮ ಜಿಎಸ್‌ಟಿ ನಂಬರ್ ತಲೆಗೇ ಬರುವುದು.

ಇನ್ನೊಂದು ವಿಷಯ, ಇದು ನಿನ್ನೆ ಗೊತ್ತಾಯಿತು. ಅದೇ ಸೇಲ್ಸ್ ಹುಡುಗ ಈಗ ಎಪಿಎಂಸಿ ಮಂಡಿಗಳಿಗೂ, ವೇಮಗಲ್ ಕಡೆಯ ಟ್ರಾನ್ಸ್‌ಪೋರ್ಟ್ ಆಫೀಸ್‌ಗಳಿಗೂ ಹೋಗುತ್ತಿದ್ದಾನೆ. ಕೈಯಲ್ಲಿ ಒಂದು ಪಿಡಿಎಫ್, "ಕೋಲಾರ ಟ್ರಯಲ್ ರಿಪೋರ್ಟ್, ಪಾರ್ಟ್ ಬಿ 100% ಆಟೋಮ್ಯಾಟಿಕ್" ಅಂತ. ಅದು ನಮ್ಮ ಟ್ರಯಲ್. ಅದರ ಫೋಟೋದಲ್ಲಿರುವ ಲಾರಿಗಳು ನಮ್ಮವು. ತೆಗೆಯಿರಿ ಅಂತ ಬರೆದರೆ ಟಿಕೆಟ್ ನಂಬರ್ ಕಳಿಸಿದ್ದಾರೆ, ಅಷ್ಟೇ. ಆ ರಿಪೋರ್ಟ್ ನಿಮ್ಮ ಟೇಬಲ್ ಮೇಲೆ ಬಂದರೆ ಸಹಿ ಮಾಡುವ ಮೊದಲು ನಮ್ಮ ಆಫೀಸಿಗೆ ಬನ್ನಿ. ವಾಟ್ಸಾಪ್ ಮೆಸೇಜ್, ವಾಲಾಜಾದ ಆರ್ಡರ್ ಕಾಪಿ ಎಲ್ಲ ಇಟ್ಟಿದ್ದೇನೆ, ತೋರಿಸುತ್ತೇನೆ. ಬೇಕಾದರೆ ಆ ಡ್ರೈವರ್‌ನನ್ನೇ ಕರೆಸುತ್ತೇನೆ, ನೀವೇ ಕೇಳಿ.